ಹಿಂದಿನ ದಿನವೇ ಮಾಡಿಟ್ಟ ಆಲೂಗಡ್ಡೆ

ಬಾಣಸವಾಡಿಯ ನಮ್ಮ ವಠಾರದ ಇಬ್ಬರು ಹುಡುಗಿಯರು ಈಚೆಗೆ ಕೇಟರಿಂಗ್ ಕೆಲಸಕ್ಕೆ ಸೇರಿದ್ದಾರೆ. ಸಂಜೆ ಬಂದು ನನ್ನ ಬಾಗಿಲ ಮುಂದೆ ಕೂತು, "ದೊಡ್ಡಮ್ಮ, ದೊಡ್ಡ ಪಾರ್ಟಿ ಅಂದ್ರೆ ನಿಮಗೆ ಹೆದರಿಕೆ ಆಗ್ತಿರಲಿಲ್ವಾ?" ಎಂದು ಕೇಳುತ್ತಾರೆ. ಆಗದೆ ಏನು? ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ಡಿಸೆಂಬರ್ ಬಂತೆಂದರೆ ರಾತ್ರಿ ನಡುವೆ ಎಚ್ಚರವಾಗುತ್ತದೆ. ಎಲ್ಲೋ ಒಂದು ಫ್ರಿಜ್ಜಿನಲ್ಲಿ ನಾನು ಮಾಡಿಟ್ಟ ಟ್ರೇ ಇದೆ, ಅದು ಏನಾಗಿದೆಯೋ ಏನೋ, ಎದ್ದು ಹೋಗಿ ಮುಚ್ಚಳ ತೆಗೆದು ನೋಡಬೇಕು ಅನ್ನಿಸುತ್ತದೆ. ನನಗೆ ಹೆದರಿಕೆ ಹುಟ್ಟುಗುಣ. ಅದನ್ನೇ ಇಟ್ಟುಕೊಂಡು ಇಷ್ಟು ವರ್ಷ ದುಡಿದೆ.

ಬಿಸಿಬಿಸಿ ಮಾಡಿ ಬಡಿಸುವ ಅಡುಗೆಗೆ ನಾನು ಅಷ್ಟು ಹೆದರಿದವಳಲ್ಲ. ಸಾರು ಕುದಿಯುವಾಗ ಎದುರಿಗೇ ಇರುತ್ತೇವೆ, ತಪ್ಪಿದರೆ ಅಲ್ಲೇ ತಿದ್ದಬಹುದು. ಹಿಂದಿನ ದಿನವೇ ಮಾಡಿಡುವ ಅಡುಗೆ ಹಾಗಲ್ಲ. ಅದನ್ನು ಒಳಗಿಟ್ಟು ಬಾಗಿಲು ಹಾಕಿ ಮನೆಗೆ ಬಂದುಬಿಡುತ್ತೇವೆ. ಅದು ತನ್ನ ಪಾಡಿಗೆ ತಾನು ಏನೇನೋ ಆಗುತ್ತಿರುತ್ತದೆ. ಮರುದಿನ ಜನ ಬಂದು ಕೂತಾಗಲೇ ಅದರ ಬಣ್ಣ ಬಯಲಾಗುವುದು.

ನಾನು ಸೇಡಂ ಕಡೆಯವಳು. ಗಂಡನಿಗೆ ಕೆ.ಆರ್. ಪುರದ ಹತ್ತಿರ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿದ್ದರಿಂದ ಬೆಂಗಳೂರಿಗೆ ಬಂದೆವು. ಬಾಡಿಗೆ ಕೋಣೆ, ಇಬ್ಬರು ಮಕ್ಕಳು, ಒಬ್ಬರ ದುಡಿಮೆ ಸಾಲುತ್ತಿರಲಿಲ್ಲ. ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸ್ಟೆಲ್ಲಾ ಮೇಡಂ ಅವರ ಕೇಟರಿಂಗ್ ಅಡುಗೆಮನೆ ಇತ್ತು. ಈರುಳ್ಳಿ ಬೆಳ್ಳುಳ್ಳಿ ಸುಲಿಯುವ ಕೆಲಸಕ್ಕೆ ಅಲ್ಲಿಗೆ ಸೇರಿದೆ. ಸ್ಟೆಲ್ಲಾ ಮೇಡಂ ಹಲಸೂರಿನವರು, ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ಫೋನಿನಲ್ಲಿ ಇಂಗ್ಲಿಷು. ಕೋಪ ಬಂದಾಗ ಮೂರೂ ಒಟ್ಟಿಗೇ ಬರುತ್ತಿದ್ದವು. ಅಡುಗೆಯ ಯಜಮಾನಿಕೆ ಮಾತ್ರ ರಹೀಮ್ ಭಾಯಿ ಅವರದು. ಎಲ್ಲರೂ ಅವರನ್ನು ಮಾಸ್ತರ್ ಎನ್ನುತ್ತಿದ್ದರು, ನಾನು ಭಾಯಿ ಎನ್ನುತ್ತಿದ್ದೆ. ಎತ್ತರದ ಆಳು, ಗಡ್ಡಕ್ಕೆ ಮದರಂಗಿ. ಮಾತು ಕಡಿಮೆ, ಕೈ ಚುರುಕು.

ಮೇಡಂ ಹೆಸರು ಮಾಡಿದ್ದೇ ಒಂದು ಆಲೂಗಡ್ಡೆ ಅಡುಗೆಯಿಂದ. ಅದಕ್ಕೆ ಅವರು ಏನೋ ಫ್ರೆಂಚ್ ಹೆಸರು ಹೇಳುತ್ತಿದ್ದರು, ನಮ್ಮ ಬಾಯಲ್ಲಿ ಅದು 'ಲೇಯರ್ ಆಲೂ'. ಆಲೂಗಡ್ಡೆಯನ್ನು ಚಿಪ್ಸ್ ಹೆರೆಯುವ ಮಣೆಯ ಮೇಲೆ ಕಾಗದದಷ್ಟು ತೆಳ್ಳಗೆ ಹೆರೆದು, ಟ್ರೇಯಲ್ಲಿ ಒಂದರ ಮೇಲೊಂದು ಹಾಸಿ, ನಡುನಡುವೆ ಬೆಳ್ಳುಳ್ಳಿ ಹಾಕಿ ಕುದಿಸಿದ ಹಾಲು, ಕೆನೆ, ಮೆಣಸಿನ ಪುಡಿ, ಚೂರು ಜಾಯಿಕಾಯಿ, ಮೇಲೆ ತುರಿದ ಚೀಸ್. ಓವನ್ನಿನಲ್ಲಿ, ನಮ್ಮ ಮಾತಲ್ಲಿ ಅದೂ ಒಲೆಯೇ, ಅರ್ಧ ಬೇಯಿಸಿ ಫ್ರಿಜ್ಜಿನಲ್ಲಿ ತಣ್ಣಗಾಗಿಸಿ ಮರುದಿನ ಚೌಕ ಚೌಕವಾಗಿ ಕತ್ತರಿಸಿ ಮತ್ತೆ ಬಿಸಿ ಮಾಡಬೇಕು. ಬಿಸಿ ಇದ್ದಾಗ ಕತ್ತರಿಸಿದರೆ ಗಂಜಿಯ ಹಾಗೆ ಹರಡಿಕೊಳ್ಳುತ್ತದೆ. ಅದಕ್ಕೇ ಹಿಂದಿನ ದಿನ ಮಾಡುವುದು. ತಟ್ಟೆಗೆ ಹಾಕಿದಾಗ ಪದರ ಪದರ ಕಾಣಬೇಕು, ಅಂಚು ನೆಟ್ಟಗಿರಬೇಕು, ಬಾಯಿಗಿಟ್ಟರೆ ಕರಗಬೇಕು. ಕೋಳಿ ರೋಸ್ಟಿನ ಪಕ್ಕದಲ್ಲಿ ಅದನ್ನು ಇಟ್ಟರೆ, ಎಷ್ಟೋ ಜನ ಕೋಳಿ ಬಿಟ್ಟು ಇನ್ನೊಂದು ಚೌಕ ಕೇಳುತ್ತಿದ್ದರು.

ನೆಟ್ಟಗೆ ನಿಲ್ಲಲಿ ಎಂದು ಅದಕ್ಕೆ ಮೊಟ್ಟೆ ಒಡೆದು ಹಾಕುತ್ತಿದ್ದರು. ನಮ್ಮ ಕಡೆ ತತ್ತಿ ಎನ್ನುತ್ತೇವೆ. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ತತ್ತಿ ಮುಟ್ಟಿ ಕೆಲಸ ಮಾಡುತ್ತಿದ್ದೆ, ತಿನ್ನುತ್ತಿರಲಿಲ್ಲ. ಸೇರಿದ ದಿನವೇ ಹೇಳಿದ್ದೆ. ಭಾಯಿ ನಕ್ಕು, "ಅರೇ, ನೀನು ಮಾಡು ಶರಣಮ್ಮ, ತಿನ್ನೋದು ನಂಗೆ ಬಿಡು" ಅಂದಿದ್ದರು. ಹಾಗಾಗಿ ಆ ಅಡುಗೆಮನೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ನಾನು ಹೆರೆಯುವುದು, ಹಾಸುವುದು, ವಾಸನೆ ಮತ್ತು ಬಣ್ಣ ನೋಡಿ ಹೇಳುವುದು. ಭಾಯಿ ಒಂದೊಂದು ಟ್ರೇಯ ಮೂಲೆಯಿಂದ ಚೂರು ತೆಗೆದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಬರಾಬರ್" ಎನ್ನುವುದು. ಅವರ ಬಾಯಿಂದ ಆ ಮಾತು ಬಂದಮೇಲೆಯೇ ನಾನು ಉಸಿರು ಬಿಡುತ್ತಿದ್ದದ್ದು.

ಈ ಆಲೂಗಡ್ಡೆ ನಮಗೆ ಕೊಟ್ಟ ಕಾಟ ಒಂದೆರಡಲ್ಲ. ಒಮ್ಮೆ ಹೆರೆದಿಟ್ಟ ಬಿಲ್ಲೆಗಳನ್ನು ಹಾಲಿನಲ್ಲಿ ಮುಳುಗಿಸುವ ಮೊದಲೇ ಕರೆಂಟು ಹೋಗಿ, ಕತ್ತಲಲ್ಲಿ ತಡಕಾಡಿ ದೀಪ ಹಚ್ಚುವಷ್ಟರಲ್ಲಿ ಎಲ್ಲ ಕಪ್ಪು ತಿರುಗಿದವು. ಇನ್ನೊಮ್ಮೆ ಹೊಸದಾಗಿ ಬಂದ ಒಬ್ಬ ಅಡುಗೆಯವನು ಬಿಸಿ ಟ್ರೇಗೆ ಬಿಗಿಯಾಗಿ ಮುಚ್ಚಳ ಹಾಕಿ ಫ್ರಿಜ್ಜಿಗೆ ತಳ್ಳಿದ್ದ. ಬೆಳಗ್ಗೆ ತೆಗೆದರೆ ಮೇಲೆಲ್ಲ ನೀರು, ಹುಳಿ ವಾಸನೆ ಗಪ್ ಅಂತ ಮೂಗಿಗೆ ಬಡಿಯಿತು. ಮೇಡಂ ಆವತ್ತು ಅವನಿಗೆ ಮೂರು ಭಾಷೆಯಲ್ಲೂ ಬೈದರು. ಟಿನ್ ಫ್ಯಾಕ್ಟರಿ ಹತ್ತಿರ ಟೆಂಪೋ ಸಿಕ್ಕಿಕೊಂಡು, ಮೇ ತಿಂಗಳ ಬಿಸಿಲಲ್ಲಿ ನಾನು ಟ್ರೇಯ ಮೇಲೆ ಒದ್ದೆ ಬಟ್ಟೆ ಹಾಸಿ, ಮೊಣಕಾಲ ಮೇಲಿಟ್ಟುಕೊಂಡು, ಹಾಲು ಒಡೆಯಿತೇನೋ ಎಂದು ನಿಮಿಷಕ್ಕೊಮ್ಮೆ ಮೂಸಿ ನೋಡಿದ್ದುಂಟು. ಡ್ರೈವರ್ ತಿರುಗಿ ನೋಡಿ, "ಏನಕ್ಕಾ, ಮಗುಗೆ ಜ್ವರ ಬಂದಂಗೆ ನೋಡ್ತಿದ್ಯಲ್ಲ" ಎಂದಿದ್ದ. ನನಗೆ ನಗು ಬರಲಿಲ್ಲ.

ಆದರೂ ಇಷ್ಟೆಲ್ಲದರ ನಡುವೆ ನನಗೊಂದು ಧೈರ್ಯ ಇತ್ತು. ಕೊನೆಗೆ ಭಾಯಿ ರುಚಿ ನೋಡುತ್ತಾರೆ, ತಪ್ಪಿದ್ದರೆ ಅಲ್ಲೇ ಹಿಡಿಯುತ್ತಾರೆ.

ಆ ಧೈರ್ಯ ಅಲುಗಾಡಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆ ವರ್ಷ ಮಳೆಗಾಲದಲ್ಲಿ ಭಾಯಿಗೆ ಕೆಟ್ಟ ಜ್ವರ ಬಂದು, ಬಹಳ ದಿನ ಮಲಗಿ, ಸೊರಗಿ ಕಡ್ಡಿಯಾಗಿ ಕೆಲಸಕ್ಕೆ ಮರಳಿದ್ದರು. ಆಮೇಲೆ ಒಂದು ದೂರು ಬಂತು. ಹಲಸೂರಿನ ಒಂದು ನಾಮಕರಣದಲ್ಲಿ ಕುರ್ಮಾ ಬಾಯಿಗಿಡಲಾಗದಷ್ಟು ಉಪ್ಪಾಗಿತ್ತಂತೆ. ಸ್ವಲ್ಪ ದಿನಕ್ಕೆ ಇನ್ನೊಂದು ಬಂತು. ಹುಟ್ಟುಹಬ್ಬದ ಊಟದಲ್ಲಿ ಪುಲಾವ್ ಸಪ್ಪೆ ಎಂದು ಅರ್ಧಕ್ಕರ್ಧ ವಾಪಸ್ಸಾಗಿತ್ತು. ಎರಡರಲ್ಲೂ ಮಾಂಸ ಇದ್ದದ್ದರಿಂದ ನಾನು ರುಚಿ ನೋಡುವ ಪ್ರಶ್ನೆಯೇ ಇರಲಿಲ್ಲ. ಮೇಡಂ ಅಡುಗೆಮನೆಯ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಅಂದರು, "ರಹೀಮ್ ಭಾಯಿ, ನಿಮ್ಮ ಮೇಲೆ ನಂಗೆ ಮರ್ಯಾದೆ ಇದೆ. ಆದ್ರೆ ಬಿಸಿನೆಸ್ ಅಲ್ವಾ? ಇನ್ನೊಂದು ಕಂಪ್ಲೇಂಟ್ ಬಂತು ಅಂದ್ರೆ ನಾನು ಬೇರೆ ಮಾಸ್ತರ್ ನೋಡ್ಲೇಬೇಕು. ಆಮೇಲೆ ಬೇಜಾರು ಮಾಡ್ಕೋಬೇಡಿ."

ಭಾಯಿ ತಲೆ ತಗ್ಗಿಸಿ ಈರುಳ್ಳಿ ಹೆಚ್ಚುತ್ತಲೇ ಇದ್ದರು. ಅವರ ಮಗಳ ಮದುವೆ ಈದ್ ಮುಗಿದ ಮೇಲೆ ಎಂದು ನಿಶ್ಚಯವಾಗಿತ್ತು. ಆ ವಯಸ್ಸಿನಲ್ಲಿ ಕೆಲಸ ಹೋದರೆ ಇನ್ನೆಲ್ಲಿ ಸಿಗುತ್ತದೆ? ನನಗೆ ಅವತ್ತಿನಿಂದ ಅನ್ನ ಸೇರಲಿಲ್ಲ. ಮನೆಗೆ ಹೋಗಿ ಗಂಡನ ಹತ್ತಿರ ಅದನ್ನೇ ಹೇಳಿ ಹೇಳಿ ಅವರ ತಲೆ ತಿಂದೆ. "ಮಾಸ್ತರ್ ಕೆಲಸ ಹೋದ್ರ ನಿನಗೇನಾಗ್ತದ?" ಎಂದರು ಅವರು. ಏನಾಗುತ್ತದೆ ಎಂದು ಹೇಗೆ ಹೇಳಲಿ? ಸೌಟು ಹಿಡಿಯಲು ಬಾರದವಳಿಗೆ ಮಣೆ ಕೊಟ್ಟು, ಬೆರಳು ಕುಯ್ದುಕೊಳ್ಳದ ಹಾಗೆ ಹೆರೆಯುವುದನ್ನು ಕಲಿಸಿದ ಮನುಷ್ಯ. ಊರು ಬಿಟ್ಟು ಬಂದ ನನಗೆ ಈ ಊರಲ್ಲಿ ಅಣ್ಣ ಅಂತ ಇದ್ದದ್ದು ಅವರೊಬ್ಬರೇ.

ಆ ವರ್ಷ ಕ್ರಿಸ್‌ಮಸ್ಸೂ ರಂಜಾನೂ ಒಟ್ಟೊಟ್ಟಿಗೆ ಬಂದವು. ಆರ್ಡರುಗಳು ಮೇಲಿಂದ ಮೇಲೆ. ಭಾಯಿ ರೋಜಾ ಹಿಡಿದಿದ್ದರು, ಹಗಲೆಲ್ಲ ಹನಿ ನೀರಿಲ್ಲ. ಬೇರೆ ವರ್ಷಗಳಲ್ಲಿ ರಂಜಾನಿನಲ್ಲಿ ಅವರು ರುಚಿ ನೋಡದೆ ಅಂದಾಜಿನ ಮೇಲೆಯೇ ಮಾಡುತ್ತಿದ್ದರು, ಸಂಜೆ ಉಪವಾಸ ಬಿಟ್ಟ ಮೇಲೆ ಒಮ್ಮೆ ನೋಡುತ್ತಿದ್ದರು. ಅವರ ಅಂದಾಜು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಈ ಸಲ ಮಾತ್ರ ಪ್ರತಿ ಪಾತ್ರೆಯ ಮುಚ್ಚಳವನ್ನೂ ಎರಡೆರಡು ಸಲ ತೆಗೆದು ಮೂಸಿ ನೋಡುತ್ತಿದ್ದೆ.

ಕ್ರಿಸ್‌ಮಸ್ ಮುಗಿದ ಭಾನುವಾರಕ್ಕೆ ಇಂದಿರಾನಗರದಿಂದ ಒಂದು ಆರ್ಡರ್ ಬಂತು. ಗ್ರೇಸ್ ಅಮ್ಮ ಎಂಬ ವಯಸ್ಸಾದವರು, ಅವರೂ ಅವರ ಯಜಮಾನರೂ ಮದುವೆಯಾಗಿ ಐವತ್ತು ವರ್ಷ. ಚರ್ಚಿನ ಜನ, ನೆಂಟರು, ಎಲ್ಲರಿಗೂ ಮಧ್ಯಾಹ್ನದ ಊಟ. ಅವರು ತಾವೇ ಅಡುಗೆಮನೆಗೆ ಬಂದು ಭಾಯಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು ಹೇಳಿದರು, "ನೋಡಪ್ಪಾ, ನಮ್ಮ ಮದುವೆ ಊಟದಲ್ಲಿ ಈ ಪೊಟ್ಯಾಟೊ ಇತ್ತು. ಈಗ ನಮ್ಮವರಿಗೆ ಹಲ್ಲಿಲ್ಲ, ಮಟನ್ನು ಚಿಕನ್ನು ಏನೂ ಆಗಲ್ಲ. ಇದೊಂದು ಚೆನ್ನಾಗಿ ಮಾಡ್ಬಿಡು, ಸಾಕು. ಬೇರೆದು ಹೆಂಗಾದ್ರೂ ಇರಲಿ." ಅವರನ್ನು ಕಳಿಸಿ ಮೇಡಂ ಒಳಗೆ ಬಂದು ಭಾಯಿಯ ಮುಖ ನೋಡಿದರು. "ಚರ್ಚ್ ಪೂರ್ತಿ ಅಲ್ಲೇ ಇರತ್ತೆ ಭಾಯಿ" ಎಂದರು, ಅಷ್ಟೇ.

ಶನಿವಾರ ಟ್ರೇ ಮಾಡುವ ದಿನ. ಮೇಡಂ ಬೇರೊಂದು ಪಾರ್ಟಿಗೆ ಹೋಗಿದ್ದರು. ನಾನು ಮಧ್ಯಾಹ್ನವೆಲ್ಲ ಹೆರೆದೆ, ಹಾಸಿದೆ. ಟ್ರೇಗಳು ಒಲೆಗೆ ಹೋದವು. ಇನ್ನೂ ಬೇಯಬೇಕಾದಷ್ಟು ಬೆಂದಿರಲಿಲ್ಲ, ಆಗಲೇ ಮೇಲ್ಭಾಗ ಕಂದು ತಿರುಗಿತು. ಅಂಚು ಕರಿದ ಹಾಗಾಯಿತು.

"ಭಾಯಿ, ಬಣ್ಣ ಬಾಳ ಲಗೂ ಬಂತಲ್ರೀ. ಏನೋ ಆಗ್ಯದ."

"ಒಲೆ ಜಾಸ್ತಿ ಆಗಿದೆ, ಇಳಿಸು" ಎಂದರು ಅವರು. ಒಲೆ ಇಳಿಸಿದೆ. ವಾಸನೆ ನೋಡಿದೆ, ಬೆಳ್ಳುಳ್ಳಿ, ಕೆನೆ, ಜಾಯಿಕಾಯಿ, ಎಲ್ಲ ಸರಿಯಾಗಿಯೇ ಇತ್ತು. ಆದರೂ ಸಮಾಧಾನ ಇಲ್ಲ. ಟ್ರೇಗಳನ್ನು ಆರಲು ಇಟ್ಟು ಸುತ್ತಲೂ ತಿರುಗಾಡಿದೆ.

ನಮ್ಮ ಅಡುಗೆಮನೆಯಲ್ಲಿ ಇನ್ನೊಂದು ವಾಡಿಕೆ ಇತ್ತು. ರಂಜಾನಿನಲ್ಲಿ ಸಂಜೆ ಭಾಯಿ ಉಪವಾಸ ಬಿಡುವ ಹೊತ್ತಿಗೆ ಎಲ್ಲರೂ ಕೆಲಸ ನಿಲ್ಲಿಸಿ ಒಟ್ಟಿಗೆ ಕೂರುತ್ತಿದ್ದೆವು. ಅವರದು ಖರ್ಜೂರ, ನೀರು. ನನ್ನದು ಒಂದು ತಟ್ಟೆ ಬಜ್ಜಿ. ಅದು ನಾನು ಅವರಿಗೆ ತಪ್ಪದೆ ಮಾಡಿಕೊಡುತ್ತಿದ್ದದ್ದು. ಆವತ್ತು ಮೂಟೆಯಲ್ಲಿ ಉಳಿದ ಆಲೂಗಡ್ಡೆಯನ್ನೇ ಬಿಲ್ಲೆ ಮಾಡಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದೆ. ಮಸೀದಿಯಿಂದ ಕೂಗು ಕೇಳಿತು. ಭಾಯಿ ಖರ್ಜೂರ ತಿಂದು, ನೀರು ಕುಡಿದು, ಬಜ್ಜಿ ಬಾಯಿಗೆ ಹಾಕಿಕೊಂಡರು. ನಾನೂ ಒಂದು ಕಚ್ಚಿದೆ.

ಗೆಣಸು! ಥೇಟು ಬೇಯಿಸಿದ ಗೆಣಸಿನಷ್ಟು ಸಿಹಿ. ಕೋಲ್ಡ್ ಸ್ಟೋರೇಜಿನಲ್ಲಿ ಬಹಳ ದಿನ ಇಟ್ಟ ಆಲೂಗಡ್ಡೆ ಸಿಹಿಯಾಗಿಬಿಡುತ್ತದೆ, ಬೇಗ ಕರಕಾಗುತ್ತದೆ. ಸಿಹಿಗೆ ವಾಸನೆ ಇಲ್ಲವಲ್ಲ, ನನ್ನ ಮೂಗಿಗೆ ಅದು ಸಿಗಲಿಲ್ಲ. ಅಂದರೆ ಆರುತ್ತಿದ್ದ ಅಷ್ಟೂ ಟ್ರೇಗಳು ಸಿಹಿ.

ನಾನು ತಲೆ ಎತ್ತಿ ಭಾಯಿಯನ್ನು ನೋಡಿದೆ. ಅವರು ಎರಡನೆಯ ಬಜ್ಜಿ ಅಗಿಯುತ್ತಿದ್ದರು, ನೆಮ್ಮದಿಯಾಗಿ.

"ಭಾಯಿ, ಬಜ್ಜಿ ಹ್ಯಾಂಗ ಆಗ್ಯಾವ್ರೀ?"

"ಫಸ್ಟ್ ಕ್ಲಾಸ್" ಎಂದರು.

ಉಳಿದವರು ಚಹಾ ಕುಡಿದು ಮನೆಗೆ ಹೊರಡುವವರೆಗೆ ಕಾದೆ. ಆಮೇಲೆ ಮೆಲ್ಲಗೆ ಹೇಳಿದೆ, "ಭಾಯಿ, ಇದು ಗೆಣಸಿನಂಗ ಸಿಹಿ ಅದ. ನಿಮಗ ಗೊತ್ತಾಗ್ಲಿಲ್ಲೇನು?"

ಅವರ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಆ ದೊಡ್ಡ ಆಳು ಚಿಕ್ಕ ಮಗುವಿನ ಹಾಗೆ ಕುಗ್ಗಿ ಕೂತಿದ್ದನ್ನು ನೋಡಿ ನನಗೆ ಅಳು ಬಂತು.

"ಆ ಜ್ವರ ಬಂದು ಹೋದ ಮೇಲೆ ನಾಲಿಗೆಗೆ ಏನೂ ಗೊತ್ತಾಗ್ತಿಲ್ಲ ಶರಣಮ್ಮ" ಎಂದರು. "ಖಾರ ಹಾಕಿದ್ರೆ ಸುಡುತ್ತೆ. ಅಷ್ಟೇ. ಉಪ್ಪಿಲ್ಲ, ಸಿಹಿ ಇಲ್ಲ, ಏನೂ ಇಲ್ಲ. ಮಣ್ಣು ತಿಂದಂಗೆ. ವಾಪಸ್ ಬರುತ್ತೆ, ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ಮನೇಲೂ ಹೇಳಿಲ್ಲ. ನಾಲಿಗೆ ಹೋದ ಬಾವರ್ಚಿನ ಯಾರು ಇಟ್ಕೊಳ್ತಾರೆ, ನೀನೇ ಹೇಳು."

ನನಗೆ ಕೋಪವೂ ಬಂತು, ಮರುಕವೂ ಬಂತು. "ನನಗರ ಹೇಳಬಾರ್ದಿತ್ತೇನ್ರೀ? ಇಷ್ಟು ದಿವಸ ನಾ ನಿಮ್ಮ ಬಾಯಿ ನೋಡ್ಕೋತ ಧೈರ್ಯ ಮಾಡ್ತಿದ್ದೆ, ನೀವು ಕಣ್ಣು ಮುಚ್ಚಿ ಬರಾಬರ್ ಅನ್ಕೋತ ಕೂತಿದ್ರಿ!" ಎಂದು ಗದರಿಸಿಬಿಟ್ಟೆ.

ಗದರಿಸಿ ಆಗಬೇಕಾದ್ದೇನು? ನಾಳೆ ಮಧ್ಯಾಹ್ನ ಆ ಹಲ್ಲಿಲ್ಲದ ಮುದುಕರ ತಟ್ಟೆಗೆ ಸಿಹಿ ಬೆಳ್ಳುಳ್ಳಿ ಆಲೂಗಡ್ಡೆ ಬಿದ್ದರೆ ಭಾಯಿಯ ಕೆಲಸ ಅಲ್ಲಿಗೆ ಮುಗಿಯಿತು. ಇರುವ ಟ್ರೇಗೆ ಮೆಣಸು ಸುರಿದರೂ ಸಿಹಿ ಹೋಗುವುದಿಲ್ಲ. ಹೊಸದಾಗಿ ಮಾಡಿದರೆ ರುಚಿ ನೋಡುವವರು ಯಾರು? ಅವರಿಗೆ ನಾಲಿಗೆ ಇಲ್ಲ, ನಾನು ತತ್ತಿ ತಿನ್ನುವುದಿಲ್ಲ. ಬೇರೆ ಯಾರನ್ನಾದರೂ ಕರೆದು ನೋಡಿಸಿದರೆ, ಮಾಸ್ತರ್ ಯಾಕೆ ನೋಡುತ್ತಿಲ್ಲ ಎಂಬ ಮಾತು ಬೆಳಗಾಗುವಷ್ಟರಲ್ಲಿ ಮೇಡಂ ಕಿವಿಗೆ ಬೀಳುತ್ತಿತ್ತು.

"ನಾನೇ ನೋಡ್ತೀನಿ ಭಾಯಿ" ಎಂದೆ. ಹಾಗೆಂದು ಬಾಯಿ ತಪ್ಪಿ ಅಂದದ್ದೇ, ಕೈ ತಾನಾಗಿ ಕೊರಳಿನ ಲಿಂಗಕ್ಕೆ ಹೋಯಿತು.

ಭಾಯಿ ಅದನ್ನು ನೋಡಿದರು. ತಕ್ಷಣ ಎದ್ದು ನಿಂತರು. "ನಹೀ. ನನ್ನ ಹೊಟ್ಟೆಪಾಡಿಗೆ ನೀನು ನಿನ್ನ ನೇಮ ಬಿಡಬೇಡ. ಮೊಟ್ಟೆ ಹಾಕೋದೇ ಬೇಡ. ಮೊಟ್ಟೆ ಇಲ್ದೇನೇ ಮಾಡಣ. ಆಗ ನೀನು ರುಚಿ ನೋಡಬಹುದಲ್ಲ?"

"ತತ್ತಿ ಇಲ್ದಿದ್ರ ನಿಲ್ತದೇನ್ರೀ?"

"ಗೊತ್ತಿಲ್ಲ" ಎಂದರು ಭಾಯಿ. ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ನಾನು ಸೆರಗು ಸಿಕ್ಕಿಸಿಕೊಂಡು ರಸೆಲ್ ಮಾರ್ಕೆಟ್ಟಿಗೆ ಓಡಿದೆ. ಸಂಜೆಯ ಜನಜಂಗುಳಿ, ಹಬ್ಬದ ವ್ಯಾಪಾರ, ಕಾಲಿಡಲು ಜಾಗ ಇಲ್ಲ. ಪ್ರತಿ ಅಂಗಡಿಯಲ್ಲೂ ಒಂದು ಆಲೂಗಡ್ಡೆ ಎತ್ತಿಕೊಂಡು, ಉಗುರಲ್ಲಿ ಸಿಪ್ಪೆ ಕೆರೆದು, ಹಸಿಯಾಗಿಯೇ ಕಚ್ಚಿ ನೋಡಿದೆ. ಒಬ್ಬ ವ್ಯಾಪಾರಿ, "ಏನಕ್ಕಾ, ಸೀಬೆಹಣ್ಣು ಅನ್ಕೊಂಡ್ಯಾ?" ಎಂದು ನಕ್ಕ. ನಗಲಿ ಬಿಡು ಎಂದು ಮುಂದೆ ಹೋದೆ. ಕೊನೆಗೆ ಒಂದು ಮೂಲೆಯಲ್ಲಿ ಒಬ್ಬಾಕೆ ಮಣ್ಣು ಅಂಟಿದ, ಸಣ್ಣ ಸಣ್ಣ ಆಲೂಗಡ್ಡೆ ರಾಶಿ ಹಾಕಿಕೊಂಡು ಕೂತಿದ್ದಳು. ಮಾಲೂರು ಕಡೆಯಿಂದ ಈಗ ಕಿತ್ತು ತಂದದ್ದು ಎಂದಳು. ಕಚ್ಚಿದೆ. ಸಪ್ಪೆ, ಹಸಿ ಮಣ್ಣಿನ ರುಚಿ, ಸಿಹಿ ಇಲ್ಲವೇ ಇಲ್ಲ. ಆ ಹೆಂಗಸನ್ನು ಅಪ್ಪಿಕೊಳ್ಳೋಣ ಅನ್ನಿಸಿತು. ರಾಶಿ ಪೂರ್ತಿ ತಂದೆ.

ಮುಂದಿನದನ್ನು ಈಗಿನ ಹುಡುಗಿಯರು ಗಮನ ಇಟ್ಟು ಕೇಳಬೇಕು, ಯಾಕೆಂದರೆ ನಮ್ಮ ಕೆಲಸದ ರೀತಿ ಬದಲಾದದ್ದು ಆವತ್ತೇ. ಮೊದಲೆಲ್ಲ ಹೆರೆದ ಬಿಲ್ಲೆಗಳನ್ನು ನೀರಲ್ಲಿ ತೊಳೆದು ಗಂಜಿ ತೆಗೆಯುತ್ತಿದ್ದೆವು. ಭಾಯಿ ಬೇಡ ಎಂದರು. "ಆ ಗಂಜಿನೇ ಇವತ್ತು ನಮ್ಮ ಮೊಟ್ಟೆ" ಎಂದರು. ತೊಳೆಯದೆ ನೇರವಾಗಿ ಕುದಿಯುವ ಹಾಲಿಗೆ ಹಾಕಿ, ಹಾಲು ಮಂದವಾಗುವವರೆಗೆ ಕೈಬಿಡದೆ ತಿರುಗಿಸಿ, ಆಮೇಲೆ ಟ್ರೇಯಲ್ಲಿ ಹಾಸಿದೆವು. ನಾನು ಚಮಚೆಯಲ್ಲಿ ತೆಗೆದು ಬಾಯಿಗಿಟ್ಟುಕೊಂಡೆ. ಅಷ್ಟು ವರ್ಷ ಮಾಡಿದ ಅಡುಗೆಯ ರುಚಿ ನಾನು ನೋಡಿದ್ದು ಅದೇ ಮೊದಲ ಸಲ! ಇದಕ್ಕೇ ಏನು ಜನ ಅಷ್ಟು ಮುಗಿಬೀಳುತ್ತಿದ್ದದ್ದು ಎಂದು ಆಗ ತಿಳಿಯಿತು.

"ಉಪ್ಪು?" ಭಾಯಿ ಪಿಸುಗುಟ್ಟಿದರು.

"ಇನ್ನೊಂದು ಚಿಟಿಕಿ."

"ಮೆಣಸು?"

"ಸಾಕ್ರೀ. ಮುದುಕರು ತಿನ್ನೂದು."

ಬೆಂದಮೇಲೆ ಪೂರ್ತಿ ಆರಲು ಬಿಟ್ಟು, ಟ್ರೇಯ ಮೇಲೆ ಇನ್ನೊಂದು ಖಾಲಿ ಟ್ರೇ ಇಟ್ಟು, ಅದರ ಮೇಲೆ ಅಕ್ಕಿ ಚೀಲ ಹೇರಿ ಒಳಗಿಟ್ಟೆವು. ಒತ್ತಿದರೆ ಪದರಗಳು ಕಚ್ಚಿಕೊಳ್ಳಬಹುದು ಎಂಬುದು ಭಾಯಿಯ ಲೆಕ್ಕ. ಸಿಹಿ ಟ್ರೇಗಳನ್ನು ಓಣಿಯ ಮಕ್ಕಳು ಮುತ್ತಿಕೊಂಡು ಚಪ್ಪರಿಸಿ ತಿಂದವು. ನಾನು ಮನೆಗೆ ಹೋಗಿ ಮಲಗಿದೆನೇ ಹೊರತು ಕಣ್ಣು ಮುಚ್ಚಲಿಲ್ಲ.

ಬೆಳಗ್ಗೆ ಇಬ್ಬರೂ ಸೇರಿ ಅಕ್ಕಿ ಚೀಲ ಎತ್ತಿದೆವು. ಭಾಯಿ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಒಂದೇ ಗೆರೆಗೆ ಇಳಿಸಿದರು. ಮೊದಲ ಚೌಕ ಎತ್ತಿ ತಟ್ಟೆಯಲ್ಲಿಟ್ಟರು. ನಿಂತಿತು. ಪದರ ಪದರ, ಅಂಚು ನೆಟ್ಟಗೆ, ತತ್ತಿ ಹಾಕಿದ್ದಕ್ಕಿಂತ ಚೆಂದ. ಬಿಸಿ ಮಾಡಿದಾಗ ಕುಸಿದರೆ ಏನು ಗತಿ ಎಂದು ನನಗೆ ಅಲ್ಲಿಂದ ಇಂದಿರಾನಗರದವರೆಗೂ ಅದೇ ಯೋಚನೆ.

ಗ್ರೇಸ್ ಅಮ್ಮನ ಮನೆಯ ಹಿತ್ತಲಲ್ಲಿ ನಮ್ಮ ಒಲೆ. ಚೌಕಗಳು ಬಿಸಿಯಾದವು, ಕುಸಿಯಲಿಲ್ಲ, ಮೇಲೆ ಹದವಾದ ಹೊಂಬಣ್ಣ ಬಂತು. ತಟ್ಟೆಗಳು ಒಳಗೆ ಹೋದವು. ಪಾದ್ರಿಯವರ ಪ್ರಾರ್ಥನೆ ಮುಗಿಯಿತು. ಆಮೇಲೆ ಚಮಚೆಗಳ ಸದ್ದು. ನಾನು ಕಿಟಕಿಯ ಪಕ್ಕ ನಿಂತು ಆ ಮುದುಕರನ್ನೇ ನೋಡುತ್ತಿದ್ದೆ. ಅವರು ಚೂರು ಬಾಯಿಗೆ ಹಾಕಿಕೊಂಡರು. ನಾಲಿಗೆಯಲ್ಲೇ ಒತ್ತಿ ನುಂಗಿದರು. ಹೆಂಡತಿಯ ಕಡೆ ತಿರುಗಿ ಏನೋ ಅಂದರು. ಗ್ರೇಸ್ ಅಮ್ಮ ತಮ್ಮ ತಟ್ಟೆಯ ಚೌಕವನ್ನೂ ಎತ್ತಿ ಅವರ ತಟ್ಟೆಗೆ ಹಾಕಿದರು. ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಊಟ ಮುಗಿಯುತ್ತಿದ್ದಂತೆ ಸ್ಟೆಲ್ಲಾ ಮೇಡಂ ಹಿತ್ತಲಿಗೆ ಬಂದರು, ಮುಖವೆಲ್ಲ ನಗು. ಎಲ್ಲರ ಮುಂದೆ ಭಾಯಿಗೆ ಕೈ ಮುಗಿದರು. "ಎಂಥಾ ಪೊಟ್ಯಾಟೊ ಭಾಯಿ! ಆ ಯಜಮಾನ್ರು ಮೂರು ಸಲ ಹಾಕಿಸ್ಕೊಂಡ್ರು. ನಾನು ಸುಮ್ನೆ ನಿಮ್ಮ ಮೇಲೆ ಡೌಟ್ ಪಟ್ಟೆ, ಸಾರಿ. ನಿಮ್ಮ ನಾಲಿಗೆ ಇರೋವರೆಗೂ ನಂಗೆ ಭಯ ಇಲ್ಲ."

ಸದ್ಯ, ಬದುಕಿದೆವು. ಭಾಯಿ ಒಂದು 'ಶುಕ್ರಿಯಾ' ಅಂದು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರಲಿ ದೇವರೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಸುಮ್ಮನಿರಲಿಲ್ಲ.

"ಮೇಡಂ, ನಾಲಿಗೆ ನಂದಲ್ಲ" ಎಂದರು. "ನಂಗೆ ರುಚಿ ಗೊತ್ತಾಗಲ್ಲ. ಜ್ವರ ಬಂದಾಗಿಂದ. ಆ ಎರಡು ಕಂಪ್ಲೇಂಟೂ ಅದಕ್ಕೇ ಬಂದಿದ್ದು. ನಿನ್ನೆ ರುಚಿ ನೋಡಿದ್ದು ಶರಣಮ್ಮ."

ಎಲ್ಲರೂ ಕೈಲಿದ್ದ ಕೆಲಸ ನಿಲ್ಲಿಸಿದರು. ಮೇಡಂ ಮುಖದ ನಗು ಹೋಯಿತು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಆಯ್ತು. ಇವತ್ತೂ ಹೆದರಿಕೆನೇ. ಆದ್ರೆ ರೋಜಾ ಹಿಡಿದಿದೀನಿ ಮೇಡಂ. ಹಸ್ಕೊಂಡಿರೋ ಬಾಯಲ್ಲಿ ಈ ಸುಳ್ಳು ಇಟ್ಕೊಂಡು ಸಾಯಂಕಾಲ ಯಾವ ಮುಖದಲ್ಲಿ ಖರ್ಜೂರ ತಿನ್ಲಿ?"

ಮೇಡಂ ನನ್ನ ಕಡೆ ತಿರುಗಿದರು. "ನೀನು ಮೊಟ್ಟೆ ತಿನ್ನಲ್ವಲ್ಲ, ಹೆಂಗೆ ಟೇಸ್ಟ್ ನೋಡ್ದೆ?"

"ತತ್ತಿ ಹಾಕಿಲ್ರೀ ಮೇಡಂ."

"ಮೊಟ್ಟೆ ಇಲ್ದೆ ಅದು ಹೆಂಗೆ ನಿಲ್ತು?"

ಗಂಜಿ, ಅಕ್ಕಿ ಚೀಲ, ಏನೂ ನೆನಪಿಗೆ ಬರಲಿಲ್ಲ. ಅಳುತ್ತಾ ಬಾಯಿಗೆ ಬಂದದ್ದನ್ನು ಹೇಳಿದೆ. "ಅದು ಭಾಯಿ ಕೈಯಾಗ ನಿಂತದ್ರೀ. ಅವರ ಕೈ ಇಲ್ದಿದ್ರ ನನ್ನ ನಾಲಿಗಿ ಇಟ್ಕೊಂಡು ಏನ್ ಮಾಡ್ತೀರಿ?"

ಮೇಡಂ ಒಳಗಿನ ಊಟದ ಮೇಜನ್ನು ನೋಡಿದರು, ಭಾಯಿಯನ್ನು ನೋಡಿದರು, ಆಮೇಲೆ ನನ್ನನ್ನು. ಕೊನೆಗೆ ಮೂಗು ಒರೆಸಿಕೊಂಡು, ದಿನಾ ಬೈಯುವ ದನಿಯಲ್ಲೇ, "ನಾಳೆ ಹಲಸೂರಿಗೆ ಊಟ ಕೊಡ್ಬೇಕು. ಬೆಳಗ್ಗೆ ಬೇಗ ಇಬ್ರೂ ಬನ್ನಿ. ಲೇಟ್ ಮಾಡ್ಬೇಡಿ" ಎಂದು ಹೇಳಿ ಒಳಗೆ ಹೋದರು.

ಭಾಯಿ ಗೋಡೆಗೆ ಒರಗಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಅವರ ಕಡೆ ನೋಡದೆ ಟ್ರೇ ತಿಕ್ಕಲು ಕೂತೆ.

ಅಲ್ಲಿಂದ ಮುಂದೆ ಮಾಂಸದ ಅಡುಗೆಯ ರುಚಿಯನ್ನು ಮೇಡಂ ತಾವೇ ಬಂದು ನೋಡುತ್ತಿದ್ದರು. ಲೇಯರ್ ಆಲೂಗೆ ಮಾತ್ರ ಇನ್ನು ಮುಂದೆ ತತ್ತಿ ಬೇಡ ಎಂದರು. ಭಾಯಿಯ ನಾಲಿಗೆಗೆ ರುಚಿ ಮರಳಲೇ ಇಲ್ಲ. ಮಗಳ ಮದುವೆಯ ಬಿರಿಯಾನಿಯೂ ಅವರಿಗೆ ಮಣ್ಣೇ ಆಗಿತ್ತು ಎಂದು ನನ್ನ ಹತ್ತಿರ ಹೇಳಿಕೊಂಡು ನಕ್ಕಿದ್ದರು. ಆದರೂ ಕಾಲು ಸೋಲುವವರೆಗೆ ಅವರೇ ನಮ್ಮ ಮಾಸ್ತರ್ ಆಗಿದ್ದರು. ಮತ್ತೆಂದೂ ಪಿಸುಗುಟ್ಟಲಿಲ್ಲ. ತುಂಬಿದ ಅಡುಗೆಮನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಶರಣಮ್ಮ, ಉಪ್ಪು ಹೆಂಗಿದೆ?" ಎಂದು ಕೂಗುತ್ತಿದ್ದರು. ನಾನು ಹೇಳುವವರೆಗೆ ಟ್ರೇ ಒಲೆಗೆ ಹೋಗುತ್ತಿರಲಿಲ್ಲ.